ಒಂದು ಝೂಲಾಕ್ಕೆ ಎಷ್ಟು ತಾಸು ರಸ್ತೆ?

ಡಿಸೆಂಬರ್ ತಿಂಗಳು ಅರ್ಧ ಕಳೆಯುತ್ತಿದ್ದಂತೆ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಕ್ರಿಸ್‌ಮಸ್ ವಾರದಲ್ಲಿ ಹೈದರಾಬಾದಿನ ಮನರಂಜನಾ ಉದ್ಯಾನಕ್ಕೆ ಹೋಗಿ ಬರುವುದೋ, ಬೇಡವೋ. ಮಕ್ಕಳು ಹೋಗೋಣವೆನ್ನುತ್ತಾರೆ, ಮನೆಯ ಹಿರಿಯರು ‘ಗದ್ದಲ ಭಾಳ ಇರ್ತದ’ ಎನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಗದ್ದಲ ಎಂಬ ಒಂದೇ ಪದ ಜಾತ್ರೆಯ ಜನಸಂದಣಿಗೂ ಉದ್ಯಾನದ ಜನಸಂದಣಿಗೂ ಬಳಕೆಯಾಗುವುದರಿಂದ ಈ ಎರಡೂ ಒಂದೇ ಬಗೆಯವೆಂಬ ಭಾವನೆ ಬೆಳೆದಿದೆ. ನಿರ್ಧಾರ ತಪ್ಪುವುದು ಬಹುಪಾಲು ಈ ಭಾವನೆಯಿಂದಲೇ.

ಮೊದಲು ಸ್ಥಳಗಳ ಪರಿಚಯ ಅಗತ್ಯ. ಹೈದರಾಬಾದಿನ ಹೊರವಲಯದ ರಾವಿರ್ಯಾಲದಲ್ಲಿ, ನಗರವನ್ನು ಸುತ್ತುವ 158 ಕಿ.ಮೀ. ಉದ್ದದ ಹೊರ ವರ್ತುಲ ರಸ್ತೆಯ ಬದಿಗೆ, 2016ರಲ್ಲಿ ಆರಂಭವಾದ ವಂಡರ್‌ಲಾ ಈ ಭಾಗದವರು ‘ಪಾರ್ಕ್’ ಎಂದಾಗ ಸಾಮಾನ್ಯವಾಗಿ ನೆನೆಯುವ ತಾಣ. ಅದೇ ಸಂಸ್ಥೆಯ ಬಿಡದಿಯ ಉದ್ಯಾನ 2005ರಿಂದಲೇ ಇದ್ದರೂ ಕಲಬುರಗಿ ಜಿಲ್ಲೆಯಿಂದ ಅದು ರಾತ್ರಿಯಿಡೀ ಪಯಣಿಸಬೇಕಾದ ದೂರದಲ್ಲಿದೆ. ವಿಜಯವಾಡ ರಸ್ತೆಯಲ್ಲಿ 1996ರಲ್ಲಿ ತಲೆಯೆತ್ತಿದ ರಾಮೋಜಿ ಫಿಲ್ಮ್ ಸಿಟಿ ಮೂಲತಃ ಚಿತ್ರೀಕರಣದ ನಗರಿಯಾಗಿದ್ದು, ನಂತರ ಪ್ರವಾಸಿಗರಿಗೂ ತೆರೆದುಕೊಂಡಿತು. ಒಂದು ಕಥೆ ಅಥವಾ ಕಲ್ಪಿತ ಲೋಕದ ಸುತ್ತ ಕಟ್ಟಡ, ಉಡುಪು, ಸಂಗೀತಗಳನ್ನೆಲ್ಲ ಹೆಣೆದಿರುವ ತಾಣವನ್ನು ಥೀಮ್ ಪಾರ್ಕ್ ಎಂದೂ, ಯಂತ್ರದ ಆಟಗಳೇ ಮುಖ್ಯವಾದುದನ್ನು ಮನರಂಜನಾ ಉದ್ಯಾನವೆಂದೂ ಕರೆಯುವ ರೂಢಿಯಿದೆ. ಈ ಲೆಕ್ಕದಲ್ಲಿ ರಾಮೋಜಿ ಮೊದಲನೆಯದಕ್ಕೆ ಹತ್ತಿರ, ವಂಡರ್‌ಲಾ ಎರಡನೆಯದಕ್ಕೆ. ಆಟದ ಯಂತ್ರಗಳಿಗೆ ಇಂಗ್ಲಿಷಿನ ಹೆಸರುಗಳು ಎಷ್ಟೇ ಇದ್ದರೂ ಕಲಬುರಗಿ ಸೀಮೆಯ ಮಾತಿನಲ್ಲಿ ಅವೆಲ್ಲವೂ ಝೂಲಾಗಳೇ ಆಗಿರುವುದರಿಂದ ಇಲ್ಲಿಯೂ ಅದೇ ಪದ ಸಾಕು.

ಹೈದರಾಬಾದಿನ ಕಡೆಗೇ ಮುಖ ಮಾಡುವ ಈ ಅಭ್ಯಾಸ ಹೊಸದಲ್ಲ. 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಆಳ್ವಿಕೆಗೂ, ಅಲ್ಲಿಂದ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೂ ಸೇರಿದ್ದ ಈ ತಾಲ್ಲೂಕುಗಳಿಗೆ ಕಚೇರಿ, ಆಸ್ಪತ್ರೆ, ದೊಡ್ಡ ಪೇಟೆ ಎಲ್ಲವೂ ಅದೇ ನಗರವಾಗಿತ್ತು. ಆಳಂದ ಮತ್ತು ಅಫಜಲಪುರಗಳಿಗೆ ಸೊಲ್ಲಾಪುರ ಇನ್ನೂ ಹತ್ತಿರವಾದರೂ ಹೈದರಾಬಾದಿನ ಆಕರ್ಷಣೆ ಕುಂದಿಲ್ಲ. ವಿನೋದಕ್ಕೆಂದು ಅಲ್ಲಿಗೆ ಹೋಗುವುದಕ್ಕೂ ಒಂದು ಹಳೆಯ ನೆಪವಿದೆ. 1938ರಲ್ಲಿ ಆರಂಭವಾಗಿ, ಈಗ ನಾಂಪಲ್ಲಿಯ ಮೈದಾನದಲ್ಲಿ ಸಾಮಾನ್ಯವಾಗಿ ಪ್ರತಿ ಜನವರಿ 1ರಿಂದ ಸುಮಾರು ಒಂದೂವರೆ ತಿಂಗಳು ನಡೆಯುವ ನುಮಾಯಿಶ್ ಎಂಬ ಕೈಗಾರಿಕಾ ವಸ್ತುಪ್ರದರ್ಶನದಲ್ಲಿ ಕಾಶ್ಮೀರದ ಶಾಲು, ಲಖನೌದ ಕಸೂತಿ ಬಟ್ಟೆಗಳ ಮಳಿಗೆಗಳ ಆಚೆ ಝೂಲಾಗಳ ಒಂದು ಭಾಗವೂ ಇರುತ್ತದೆ. ಆದರೆ ನುಮಾಯಿಶ್‌ನಲ್ಲಿ ಝೂಲಾ ಸಿಗದಿದ್ದರೂ ದಿನ ವ್ಯರ್ಥವಾಗುವುದಿಲ್ಲ, ಏಕೆಂದರೆ ಅಲ್ಲಿ ಜನ ಹೋಗುವುದು ನೋಡುವುದಕ್ಕೆ, ಕೊಳ್ಳುವುದಕ್ಕೆ, ತಿನ್ನುವುದಕ್ಕೆ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿವರಣೆ ಸುಲಭವಾಗುತ್ತದೆ.

ಜಾತ್ರೆಯಲ್ಲಿ ಜನ ಸೇರುವುದು ಜಾತ್ರೆಗೆ ಅಡ್ಡಿಯಲ್ಲ, ಜಾತ್ರೆ ಆಗುವುದೇ ಜನ ಸೇರುವುದರಿಂದ. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಿಂದ ಬಂದು ಕಲಬುರಗಿಯಲ್ಲಿ ದಾಸೋಹ ನಡೆಸಿದ ಶರಣಬಸವೇಶ್ವರರ ತೇರು ಹೋಳಿ ಹುಣ್ಣಿಮೆ ಕಳೆದ ಕೆಲವೇ ದಿನಗಳಲ್ಲಿ ಸಾಗುವಾಗ ಹಗ್ಗಕ್ಕೆ ಕೈ ಹಚ್ಚುವವರು, ಉತ್ತತ್ತಿ ಬಾಳೆಹಣ್ಣು ಎಸೆಯುವವರು, ಮಾಳಿಗೆಯ ಮೇಲಿಂದ ನೋಡುವವರು ಎಲ್ಲರೂ ಸೇರಿಯೇ ಆ ನೋಟ ಉಂಟಾಗುತ್ತದೆ. ಜನರಿಲ್ಲದ ಬೀದಿಯಲ್ಲಿ ತೇರು ಸಾಗಿತೆಂದರೆ ಯಾರೂ ಅದನ್ನು ಸುಖವೆನ್ನಲಾರರು. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿಯೂ ಹೀಗೆಯೇ. 14–15ನೇ ಶತಮಾನದ ನರಸಿಂಹ ಸರಸ್ವತಿಯವರ ನಿರ್ಗುಣ ಪಾದುಕೆಗಳಿರುವ ಮಠ, ಭೀಮಾ ಮತ್ತು ಅಮರ್ಜಾ ನದಿಗಳು ಕೂಡುವ ಸಂಗಮದ ಸ್ನಾನ, ಮಧ್ಯಾಹ್ನ ಭಕ್ತರು ಮನೆಮನೆಗೆ ಹೋಗಿ ಭಿಕ್ಷೆ ಎತ್ತುವ ಮಧುಕರಿ, ಇವುಗಳಿಗಾಗಿ ಕರ್ನಾಟಕಕ್ಕಿಂತಲೂ ಹೆಚ್ಚಾಗಿ ಮಹಾರಾಷ್ಟ್ರದಿಂದ ಬರುವ ಜನ ಪಾಳಿಯಲ್ಲಿ ನಿಂತೇ ನಾಮಸ್ಮರಣೆ ಮಾಡುತ್ತಿರುತ್ತಾರೆ. ಪಾಳಿಯಲ್ಲಿ ಕಳೆದ ಹೊತ್ತು ಅವರ ಲೆಕ್ಕದಲ್ಲಿ ಕಳೆದುಹೋದ ಹೊತ್ತಲ್ಲ, ಸೇವೆಯ ಭಾಗ.

ಈ ಊರಿನ ಹೆಸರನ್ನು ಇಲ್ಲಿ ತಂದುದಕ್ಕೆ ಇನ್ನೊಂದು ಕಾರಣವೂ ಇದೆ. ಮಾರ್ಗಶಿರ ಹುಣ್ಣಿಮೆಯ ದತ್ತ ಜಯಂತಿ ಕೆಲವು ವರ್ಷ ಕ್ರಿಸ್‌ಮಸ್ ವಾರಕ್ಕೇ ಬಂದು ಬೀಳುತ್ತದೆ: 2015ರಲ್ಲಿ ಡಿಸೆಂಬರ್ 24, 2018ರಲ್ಲಿ ಡಿಸೆಂಬರ್ 22, 2020ರಲ್ಲಿ ಡಿಸೆಂಬರ್ 29, 2023ರಲ್ಲಿ ಡಿಸೆಂಬರ್ 26. ಚಾಂದ್ರಮಾನದ 12 ತಿಂಗಳು ಸೇರಿ ಸುಮಾರು 354 ದಿನಗಳಾಗುವುದರಿಂದ ಹಬ್ಬಗಳು ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತ ಹೋಗುತ್ತವೆ. ಆ ಕೊರತೆ ತುಂಬಲು ಎರಡೂವರೆಯಿಂದ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿದಾಗ ಒಮ್ಮೆಗೇ ಮುಂದಕ್ಕೆ ಜಿಗಿಯುತ್ತವೆ. ಮೇಲೆ ಹೇಳಿದ ನಾಲ್ಕೂ ಅಧಿಕ ಮಾಸವಿದ್ದ ವರ್ಷಗಳು. ಅಧಿಕ ಜ್ಯೇಷ್ಠವಿರುವ 2026ರಲ್ಲಿಯೂ ಮಾರ್ಗಶಿರ ಹುಣ್ಣಿಮೆ ಕ್ರಿಸ್‌ಮಸ್ ಹಿಂದಿನ ಎರಡು ದಿನಗಳಲ್ಲೇ ಬರುತ್ತದೆ. ಅಂಥ ವರ್ಷ ಅಫಜಲಪುರದ ಮನೆಗೆ ನೆಂಟರು ಗಾಣಗಾಪುರಕ್ಕೆಂದು ಬರುವ ದಿನ ಮತ್ತು ಮಕ್ಕಳು ಹೈದರಾಬಾದಿಗೆ ಹೊರಡಬೇಕೆನ್ನುವ ದಿನ ಒಂದೇ ಆಗುತ್ತವೆ. ಅಲ್ಲದೆ 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ; ಗಾಣಗಾಪುರದವರೆಗೆ ಬಿಟ್ಟಿ, ಹೈದರಾಬಾದಿಗೆ ಪೂರ್ತಿ ದರ ಎಂಬ ವ್ಯತ್ಯಾಸವನ್ನು ಮನೆಯ ಖರ್ಚು ನೋಡಿಕೊಳ್ಳುವವರು ಮರೆಯುವುದಿಲ್ಲ.

ಮನರಂಜನಾ ಉದ್ಯಾನದ ಗದ್ದಲ ಇದಕ್ಕೆ ತೀರ ವಿರುದ್ಧ ಸ್ವಭಾವದ್ದು. ಅಲ್ಲಿ ಪ್ರತಿಯೊಬ್ಬ ಹೊಸ ಅತಿಥಿ ಉಳಿದವರ ಪಾಲಿನಿಂದ ಒಂದಿಷ್ಟನ್ನು ಕಳೆಯುತ್ತಾನೆ, ಏಕೆಂದರೆ ಝೂಲಾದ ಆಸನಗಳ ಸಂಖ್ಯೆ ಹೆಚ್ಚುವುದಿಲ್ಲ. 24 ಆಸನಗಳ ಒಂದು ಝೂಲಾ ಜನರನ್ನು ಹತ್ತಿಸಿಕೊಂಡು, ಪಟ್ಟಿ ಬಿಗಿದು, ತಿರುಗಿ, ಇಳಿಸುವುದಕ್ಕೆ ನಾಲ್ಕು ನಿಮಿಷ ತೆಗೆದುಕೊಂಡರೆ ತಾಸಿಗೆ 15 ಸುತ್ತು, ಅಂದರೆ 360 ಜನ. ಮುಂದೆ 720 ಜನರ ಪಾಳಿಯಿದ್ದರೆ ಕೊನೆಯವನು ಎರಡು ತಾಸು ನಿಲ್ಲಲೇಬೇಕು, ಯಾವ ನಿರ್ವಾಹಕನೂ ಇದನ್ನು ಬದಲಿಸಲಾರ. ಇಡೀ ಉದ್ಯಾನಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ಲೆಕ್ಕ ಸುಲಭವಾಗಲೆಂದು, ತಲಾ 400 ಜನರನ್ನು ತಾಸಿಗೆ ಆಡಿಸುವ 20 ಝೂಲಾಗಳ ಉದ್ಯಾನವೊಂದನ್ನು ಊಹಿಸಿಕೊಂಡರೆ ತಾಸಿಗೆ ಒಟ್ಟು 8,000 ಸರದಿಗಳು ಹಂಚಿಕೆಗೆ ಸಿಗುತ್ತವೆ; ಒಳಗೆ 4,000 ಜನರಿದ್ದ ದಿನ ಒಬ್ಬೊಬ್ಬರಿಗೆ ತಾಸಿಗೆ ಎರಡು, 12,000 ಜನರಿದ್ದ ದಿನ ಒಂದೂವರೆ ತಾಸಿಗೆ ಒಂದು. ಏಳು ತಾಸು ಒಳಗಿದ್ದರೆ ಮೊದಲ ದಿನ 14 ಝೂಲಾ, ಎರಡನೆಯ ದಿನ ಐದಕ್ಕೂ ಕಡಿಮೆ. ಊಟದ ಹೊತ್ತು ಮತ್ತು ಕಳೆದುಹೋದ ಚಪ್ಪಲಿ ಹುಡುಕುವ ಹೊತ್ತು ಇದರಲ್ಲಿ ಸೇರಿಲ್ಲ.

ಪಾಳಿ ಬೆಳೆಯುವ ರೀತಿಯಲ್ಲಿಯೂ ಒಂದು ಮೋಸವಿದೆ. ಸರದಿ ಸಿದ್ಧಾಂತವೆಂಬ ಗಣಿತ ಶಾಖೆ, ಅಂದರೆ ಕಾಯುವವರ ಸಾಲು ಎಷ್ಟು ಉದ್ದವಾಗುತ್ತದೆ ಮತ್ತು ಏಕೆ ಎಂಬುದರ ಅಧ್ಯಯನ, ಆರಂಭವಾದದ್ದು ಕೋಪನ್‌ಹೇಗನ್ ನಗರದ ದೂರವಾಣಿ ಕಂಪನಿಯಲ್ಲಿದ್ದ ಅಗ್ನರ್ ಕ್ರಾರುಪ್ ಎರ್ಲಾಂಗ್ ಅವರು 1909ರಲ್ಲಿ ಪ್ರಕಟಿಸಿದ ಪ್ರಬಂಧದಿಂದ. (1843ರಲ್ಲಿ ತೆರೆದ, ಜಗತ್ತಿನ ಅತಿ ಹಳೆಯ ಮನರಂಜನಾ ಉದ್ಯಾನಗಳಲ್ಲೊಂದಾದ ಟಿವೋಲಿ ಅದೇ ನಗರದಲ್ಲಿದ್ದರೂ ಎರ್ಲಾಂಗ್ ಅವರನ್ನು ಕಾಡಿದ್ದು ಝೂಲಾದ ಪಾಳಿಯಲ್ಲ, ದೂರವಾಣಿ ಕರೆಗಳ ಪಾಳಿ.) ಈ ಶಾಖೆಯ ಅತ್ಯಂತ ಸರಳ ಮಾದರಿಯ ಪ್ರಕಾರ, ಒಂದು ಸೇವೆ ತನ್ನ ಸಾಮರ್ಥ್ಯದ ಶೇ 80ರಷ್ಟು ಕೆಲಸ ಮಾಡುವಾಗ ಅಲ್ಲಿ ಸರಾಸರಿ ನಾಲ್ವರಿದ್ದರೆ, ಶೇ 90ಕ್ಕೆ ಏರಿದಾಗ ಒಂಬತ್ತು ಜನರೂ ಶೇ 95ಕ್ಕೆ ಏರಿದಾಗ 19 ಜನರೂ ಇರುತ್ತಾರೆ. ಬಂದವರು ಹೆಚ್ಚಿದ್ದು ಐದನೆಯ ಒಂದು ಭಾಗಕ್ಕಿಂತ ಕಡಿಮೆ, ನಿಂತವರು ಹೆಚ್ಚಿದ್ದು ಸುಮಾರು ಐದು ಪಟ್ಟು. ಹೀಗಾಗಿ ‘ರಜೆಯ ದಿನ ತುಸು ಹೆಚ್ಚು ಜನ ಇರಬಹುದು, ಅಷ್ಟೇ ತಾನೇ’ ಎಂಬ ಅಂದಾಜು ಬಾಗಿಲ ಬಳಿ ಸರಿಯೆನಿಸಿದರೂ ಪಾಳಿಯೊಳಗೆ ತಪ್ಪಾಗುತ್ತದೆ.

ಚಳಿಗಾಲ ಈ ಲೆಕ್ಕವನ್ನು ಇನ್ನಷ್ಟು ಕೆಡಿಸುತ್ತದೆ. ನೀರಿನ ಆಟಗಳೂ ಒಣ ಝೂಲಾಗಳೂ ಎರಡೂ ಇರುವ ಉದ್ಯಾನದಲ್ಲಿ ಬೇಸಿಗೆಯ ಜನ ತಾವಾಗಿಯೇ ಎರಡು ಕಡೆ ಹಂಚಿಹೋಗುತ್ತಾರೆ, ಅದರಲ್ಲಿಯೂ ಅಲೆಯ ಕೊಳವೆಂಬುದು ಸರದಿಯಿಲ್ಲದೆ ನೂರಾರು ಜನರನ್ನು ಒಮ್ಮೆಗೇ ಇಟ್ಟುಕೊಳ್ಳುವ ದೊಡ್ಡ ಹಗೇವು ಇದ್ದಂತೆ. ಡಿಸೆಂಬರ್ ಕೊನೆಯ ಬೆಳಗಿನ ಚಳಿಯಲ್ಲಿ ನೀರಿಗಿಳಿಯಲು ಮನಸ್ಸು ಮಾಡದವರು ಒಣ ಝೂಲಾಗಳ ಕಡೆಗೇ ತಿರುಗಿದರೆ, ಉದ್ಯಾನ ದೊಡ್ಡದಾಗಿದ್ದರೂ ಬಳಕೆಗೆ ಬರುವ ಭಾಗ ಚಿಕ್ಕದಾಗುತ್ತದೆ. ಜೊತೆಗೆ ಹೊತ್ತು ಬೇಗ ಮುಳುಗುತ್ತದೆ.

ದುಡ್ಡು ಕೊಟ್ಟು ಪಾಳಿ ತಪ್ಪಿಸಿಕೊಳ್ಳುವ ದಾರಿಯೂ ಇದೆ. ಸಾಮಾನ್ಯ ಟಿಕೆಟಿಗಿಂತ ಹೆಚ್ಚಿನ ದರದ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಪಡೆದವರನ್ನು ಬೇರೆ ಸಾಲಿನಲ್ಲಿ ಮೊದಲು ಬಿಡುವ ಈ ಪದ್ಧತಿಯ ಪ್ರಸಿದ್ಧ ರೂಪ ಅಮೆರಿಕದ ಡಿಸ್ನಿ ಉದ್ಯಾನಗಳಲ್ಲಿ 1999ರಲ್ಲಿ ಉಚಿತ ಸೌಲಭ್ಯವಾಗಿ ಆರಂಭವಾಗಿ 2021ರಿಂದ ಹಣ ಕೊಟ್ಟು ಕೊಳ್ಳುವ ವಸ್ತುವಾಯಿತು; ಕ್ರಿಸ್‌ಮಸ್ ಮತ್ತು ಹೊಸ ವರ್ಷದ ನಡುವಿನ ವಾರ ಅಲ್ಲಿಯೂ ಅತ್ಯಂತ ಗದ್ದಲದ ಕಾಲ. ಫಾಸ್ಟ್‌ಟ್ರ್ಯಾಕ್ ಒಂದೇ ಒಂದು ಆಸನವನ್ನೂ ಹೆಚ್ಚಿಸುವುದಿಲ್ಲ, ಇರುವ ಆಸನಗಳ ಹಂಚಿಕೆಯನ್ನು ಬದಲಿಸುತ್ತದೆ. ಕೊಂಡವರ ಕಾಯುವಿಕೆ ಕೊಳ್ಳದವರ ಕಾಯುವಿಕೆಗೆ ಸೇರುತ್ತದೆ. ದೇವಸ್ಥಾನಗಳ ವಿಶೇಷ ದರ್ಶನದ ಸಾಲು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂದಮಾತ್ರಕ್ಕೆ ಅದನ್ನು ಕೊಳ್ಳುವುದು ತಪ್ಪೆಂದಲ್ಲ, ವರ್ಷಕ್ಕೊಮ್ಮೆ ದೂರದಿಂದ ಬರುವವರಿಗೆ ಅದು ನಗರದವರಿಗಿಂತ ಹೆಚ್ಚು ಬೆಲೆಬಾಳುವುದೂ ನಿಜ. ಆದರೆ ಐದು ಜನರ ಕುಟುಂಬಕ್ಕೆ ಹೆಚ್ಚುವರಿ ದರವನ್ನು ಐದರಿಂದ ಗುಣಿಸಿ, ಆ ಮೊತ್ತದಲ್ಲಿ ಗದ್ದಲವಿಲ್ಲದ ಇನ್ನೊಂದು ದಿನದ ಪ್ರವಾಸ ಎಷ್ಟರಮಟ್ಟಿಗೆ ಸಾಧ್ಯವಿತ್ತೆಂದು ನೋಡುವುದು ಒಳಿತು.

ದೂರದಿಂದ ಬರುವವರ ಲೆಕ್ಕವೇ ಬೇರೆಯೆಂಬುದು ಈ ಬರಹದ ಮುಖ್ಯ ವಾದ. ಆಳಂದ ಮತ್ತು ಜೇವರ್ಗಿ ಕಲಬುರಗಿಯಿಂದ ಸುಮಾರು 40 ಕಿ.ಮೀ., ಅಫಜಲಪುರ 60 ಕಿ.ಮೀ.ಗೂ ಹೆಚ್ಚು, ಕಲಬುರಗಿಯಿಂದ ಹೈದರಾಬಾದಿಗೆ 200 ಕಿ.ಮೀ.ಗೂ ಮೇಲ್ಪಟ್ಟ ದಾರಿ, ಹುಮನಾಬಾದ್–ಜಹೀರಾಬಾದ್ ಮೂಲಕ ಹೋದರೂ ಸೇಡಂ ಮೂಲಕ ಹೋದರೂ ಅಂತರದಲ್ಲಿ ಬಹಳ ಲಾಭವಿಲ್ಲ. ತಾಲ್ಲೂಕು ಕೇಂದ್ರಗಳಲ್ಲಿ ರೈಲು ನಿಲ್ದಾಣವಿಲ್ಲದ್ದರಿಂದ ರೈಲು ಹಿಡಿಯುವವರೂ ಕಲಬುರಗಿಗೋ ಗಾಣಗಾಪುರ ರೋಡ್ ನಿಲ್ದಾಣಕ್ಕೋ ಬರಬೇಕು. ಜೇವರ್ಗಿಯವರು ಕಟ್ಟಿಸಂಗಾವಿಯ ಬಳಿ ಭೀಮಾ ಸೇತುವೆಯನ್ನು ಕತ್ತಲಿನಲ್ಲೇ ದಾಟಿದರೆ ಮಾತ್ರ ಉದ್ಯಾನದ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಬಹುದು. ಬಾಡಿಗೆ ಜೀಪಿನಲ್ಲಿ ಹೋಗಲು ಆರು, ಬರಲು ಆರು, ಒಟ್ಟು 12 ತಾಸೆಂದು ಹಿಡಿದರೆ, 14 ಝೂಲಾ ಸಿಕ್ಕ ದಿನ ಒಂದೊಂದಕ್ಕೆ ಒಂದು ತಾಸಿಗಿಂತ ಕಡಿಮೆ ರಸ್ತೆ, ಐದು ಸಿಕ್ಕ ದಿನ ಒಂದೊಂದಕ್ಕೆ ಎರಡು ತಾಸು 24 ನಿಮಿಷ. ನಾಲ್ಕು ನಿಮಿಷದ ಆಟಕ್ಕೆ ಇಷ್ಟು ರಸ್ತೆ ಸವೆಸುವುದು ಒಪ್ಪಿಗೆಯೇ ಎಂಬುದು, ‘ಗದ್ದಲ ಇರುತ್ತದೆಯೇ’ ಎಂಬುದಕ್ಕಿಂತ ಉಪಯುಕ್ತವಾದ ಪ್ರಶ್ನೆ. ಹೈದರಾಬಾದಿನ ನಿವಾಸಿ ಪಾಳಿ ಕಂಡು ಬೇಸತ್ತರೆ ಮುಂದಿನ ವಾರ ಬರುತ್ತೇನೆಂದು ಮರಳಬಹುದು. ಆಳಂದದ ಕುಟುಂಬಕ್ಕೆ ಆ ಸ್ವಾತಂತ್ರ್ಯವಿಲ್ಲ, ಆದ್ದರಿಂದಲೇ ಅದು ಎಲ್ಲರಿಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ.

ಕ್ರಿಸ್‌ಮಸ್ ಮುಗಿದ ಮರುದಿನ ಹೋದರಾಯಿತು ಎಂಬ ಉಪಾಯ ಈ ಭಾಗದಲ್ಲಿ ಬಹಳ ಪ್ರಚಲಿತ. ಕರ್ನಾಟಕದಲ್ಲಿ ಡಿಸೆಂಬರ್ 25 ಮಾತ್ರ ಸಾರ್ವತ್ರಿಕ ರಜೆಯಾಗಿರುವುದರಿಂದ 26ರಂದು ಜನ ತಗ್ಗುತ್ತಾರೆಂದು ಊಹಿಸುವುದು ಸಹಜ. ಆದರೆ ತೆಲಂಗಾಣ ಸರ್ಕಾರ 26ನ್ನೂ ಸಾರ್ವತ್ರಿಕ ರಜೆಯೆಂದು ಘೋಷಿಸುವ ಪದ್ಧತಿಯಿದೆ, ಅಲ್ಲಿನ ಮಿಷನರಿ ಶಾಲೆಗಳಿಗೆ ಇನ್ನೂ ಕೆಲವು ದಿನ ಬಿಡುವಿರುತ್ತದೆ. ಇತ್ತ ಕರ್ನಾಟಕದ ಶಾಲೆಗಳು ಶೈಕ್ಷಣಿಕ ಪ್ರವಾಸಗಳನ್ನು ಡಿಸೆಂಬರ್ ಮುಗಿಯುವುದರೊಳಗೆ ಮುಗಿಸುವ ಅವಸರದಲ್ಲಿರುತ್ತವೆ. ಉದ್ಯಾನದ ಗದ್ದಲವನ್ನು ತೀರ್ಮಾನಿಸುವುದು ಹೋಗುವವರ ಊರಿನ ಕ್ಯಾಲೆಂಡರ್ ಅಲ್ಲ, ಉದ್ಯಾನವಿರುವ ಊರಿನ ಕ್ಯಾಲೆಂಡರ್.

ಈ ಮಾತನ್ನೇ ತಿರುಗಿಸಿದರೆ ಗಡಿ ಜಿಲ್ಲೆಯವರಿಗೆ ಮಾತ್ರ ಇರುವ ಒಂದು ಅನುಕೂಲ ಕಾಣಿಸುತ್ತದೆ: ಇಲ್ಲಿ ರಜೆ, ಅಲ್ಲಿ ಶಾಲೆ ಇರುವ ದಿನಗಳನ್ನು ಹುಡುಕುವುದು. ಕನ್ನಡ ರಾಜ್ಯೋತ್ಸವ ವಾರದ ನಡುವೆ ಬಂದ ವರ್ಷ ಅದು ಅಂಥ ದಿನ. ಕನಕದಾಸ ಜಯಂತಿಯೂ ಹಾಗೆಯೇ, 2023ರಲ್ಲಿ ಮಾತ್ರ ಅದು ತೆಲಂಗಾಣ ವಿಧಾನಸಭೆಯ ಮತದಾನದ ದಿನವೇ ಬಂದು ಅಲ್ಲಿಯೂ ರಜೆಯಾಗಿತ್ತು. ಎಲ್ಲಕ್ಕಿಂತ ಒಳ್ಳೆಯ ಅವಕಾಶ ಬೇಸಿಗೆಯ ಆರಂಭದಲ್ಲಿದೆ. ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕದ ಶಾಲೆಗಳ ಬೇಸಿಗೆ ರಜೆ ಏಪ್ರಿಲ್ 11ರ ಸುಮಾರಿಗೆ ಆರಂಭವಾದರೆ ತೆಲಂಗಾಣದ್ದು ಆರಂಭವಾಗುವುದು 24ರ ಸುಮಾರಿಗೆ, ಡಾ. ಅಂಬೇಡ್ಕರ್ ಜಯಂತಿಯ 14ನೇ ತಾರೀಖನ್ನೂ ಶನಿವಾರ–ಭಾನುವಾರಗಳನ್ನೂ ಬಿಟ್ಟರೆ ನಡುವಿನ ದಿನಗಳಲ್ಲಿ ಈ ಕಡೆಯ ಮಕ್ಕಳು ಬಿಡುವಾಗಿಯೂ ಆ ಕಡೆಯ ಮಕ್ಕಳು ತರಗತಿಯಲ್ಲಿಯೂ ಇರುತ್ತಾರೆ. ಬಿಸಿಲು ಉರಿಯುತ್ತಿರುವುದರಿಂದ ನೀರಿನ ಆಟಗಳು ಬೇಕೆನಿಸುತ್ತವೆ, ಜನ ಎರಡು ಕಡೆ ಹಂಚಿಹೋಗುತ್ತಾರೆ, ಹೊತ್ತೂ ತಡವಾಗಿ ಮುಳುಗುತ್ತದೆ. ಜನವರಿಯಲ್ಲಿ ಹೋಗುವವರು ಮಾತ್ರ ಸಂಕ್ರಾಂತಿಯ ವಾರವನ್ನು ತಪ್ಪಿಸಬೇಕು. ಕರ್ನಾಟಕಕ್ಕೆ ಅದು ಒಂದು ದಿನದ ಹಬ್ಬ, ತೆಲಂಗಾಣದ ಶಾಲೆಗಳಿಗೆ ಹಲವು ದಿನಗಳ ರಜೆ.

ಈ ತಾಲ್ಲೂಕುಗಳ ದುಡಿಮೆಯ ಲಯವನ್ನು ಗಮನಿಸಿದರೂ ಡಿಸೆಂಬರ್ ಕೊನೆಯ ವಾರ ಪ್ರವಾಸಕ್ಕೆ ಒಗ್ಗುವುದಿಲ್ಲ. ತೊಗರಿ ಕಾಯಿ ಒಣಗಿ ಕೊಯ್ಲಿಗೆ ಬಂದಿರುವ, ಆಳು ಸಿಕ್ಕ ದಿನವೇ ಕಟಾವು ಮಾಡಬೇಕಾದ ಕಾಲವದು. ಅಫಜಲಪುರ ಮತ್ತು ಆಳಂದದ ಕಬ್ಬಿನ ಹೊಲಗಳಲ್ಲಿ ಕಾರ್ಖಾನೆಯ ಸರದಿ ಯಾವಾಗ ಬರುವುದೋ ಎಂದು ಕಾಯುವವರಿಗೆ ಇನ್ನೊಂದು ಪಾಳಿಯನ್ನು ದುಡ್ಡು ಕೊಟ್ಟು ಕೊಳ್ಳುವ ಉತ್ಸಾಹ ಇರಲಾರದು. ಏಪ್ರಿಲ್ ಹೊತ್ತಿಗೆ ರಾಶಿ ಮುಗಿದು ತೊಗರಿಯ ಹಣ ಬಹುಮಟ್ಟಿಗೆ ಕೈಸೇರಿರುತ್ತದೆ, ಮುಂಗಾರಿನ ಬಿತ್ತನೆಗೆ ಇನ್ನೂ ಬಿಡುವಿರುತ್ತದೆ. ಕ್ರೈಸ್ತ ಕುಟುಂಬಗಳಿಗಂತೂ ಡಿಸೆಂಬರಿನ ಆ ವಾರ ಚರ್ಚಿನ ಮತ್ತು ನೆಂಟರ ವಾರ. ಹೈದರಾಬಾದ್ ಸೀಮೆಯಲ್ಲಿ ಕ್ರಿಸ್‌ಮಸ್ ಗದ್ದಲವನ್ನು ಅದರ ತಕ್ಕ ಜಾಗದಲ್ಲಿ ಕಾಣಬೇಕೆನ್ನುವವರು 1924ರ ಡಿಸೆಂಬರ್ 25ರಂದು ಪ್ರತಿಷ್ಠಾಪಿತವಾದ ಮೇದಕ್ ಚರ್ಚಿಗೆ ಹೋಗುತ್ತಾರೆ. ಬರಗಾಲದಲ್ಲಿ ಜನರಿಗೆ ಕೂಲಿ ಮತ್ತು ಅನ್ನ ಒದಗಿಸಲೆಂದು ಕಟ್ಟಡದ ಕೆಲಸ ಎತ್ತಿಕೊಂಡ ಆ ಚರ್ಚಿನ ಅಂಗಳದಲ್ಲಿ ಜನಸಂದಣಿ ಜಾತ್ರೆಯ ಜಾತಿಗೇ ಸೇರಿದ್ದು.

ಇಷ್ಟಾದ ಮೇಲೂ ಅದೇ ವಾರ ಹೋಗಲೇಬೇಕಾದವರು ಇರುತ್ತಾರೆ: ಬೆಂಗಳೂರಿನಿಂದಲೋ ಪುಣೆಯಿಂದಲೋ ಊರಿಗೆ ಬಂದ ಅಣ್ಣನ ಮಕ್ಕಳಿಗೆ ರಜೆ ಆಗ ಮಾತ್ರ, ಮಾತು ಕೊಟ್ಟಾಗಿದೆ, ತಪ್ಪಿಸುವಂತಿಲ್ಲ. ಅಂಥವರಿಗೆ ಈ ಅಂಕಣದ ಅಭಿಪ್ರಾಯ ಇಷ್ಟೇ, ಝೂಲಾಗಳ ಎಣಿಕೆಯನ್ನು ಮೊದಲೇ ಬಿಟ್ಟುಕೊಡಬೇಕು, ಇಲ್ಲವೆ ದಿನವನ್ನು ಎರಡಾಗಿಸಬೇಕು. ಒಂದೇ ದಿನದಲ್ಲಿ ಹೋಗಿ ಬರುವ ಹಟಕ್ಕಿಂತ ಹಿಂದಿನ ರಾತ್ರಿಯೇ ನಗರ ಸೇರಿ, ಬಾಗಿಲು ತೆರೆದ ಮೊದಲ ತಾಸಿನಲ್ಲಿ ಎಲ್ಲರೂ ಬಯಸುವ ದೊಡ್ಡ ಝೂಲಾವನ್ನು ಮುಗಿಸಿಕೊಳ್ಳುವುದು ಲೇಸು, ಏಕೆಂದರೆ ಆಗ ಪಾಳಿ ಇನ್ನೂ ಕಟ್ಟಿರುವುದಿಲ್ಲ. ಸಮಯದ ಮಟ್ಟಿಗೆ ರಾಮೋಜಿಯಂಥ ತಾಣ ಆ ವಾರಕ್ಕೆ ಹೆಚ್ಚು ಸಹನೀಯ, ಅಲ್ಲಿ ನೋಡುವುದೇ ಬಹುಪಾಲಾಗಿದ್ದು ಆಡುವುದು ಸ್ವಲ್ಪವಾದ್ದರಿಂದ ಗದ್ದಲ ಕಳೆಯುವುದು ಕಡಿಮೆ. ಅಜ್ಜಿಯರಿದ್ದರೆ ನುಮಾಯಿಶ್‌ಗಾಗಿ ಜನವರಿ ಮೊದಲ ವಾರದವರೆಗೆ ತಡೆಯುವುದು ಇನ್ನೂ ಮೇಲು.

ಹೊರಡುವ ಮೊದಲು ಮಾಡಬೇಕಾದ ಒಂದು ಸಣ್ಣ ಕೆಲಸವನ್ನು ಬಹಳ ಜನ ಮರೆಯುತ್ತಾರೆ. ರಾವಿರ್ಯಾಲದ ಉದ್ಯಾನದಲ್ಲಿ ಮಕ್ಕಳ ಟಿಕೆಟ್ ವಯಸ್ಸಿನಿಂದಲ್ಲ, ಎತ್ತರದಿಂದ ನಿರ್ಧಾರವಾಗುತ್ತದೆ. ಎದೆ ನಡುಗಿಸುವ ಝೂಲಾಗಳಲ್ಲಿ ಹಲವಕ್ಕೆ 140 ಸೆಂ.ಮೀ. ಎತ್ತರ ಬೇಕು, ಅಷ್ಟಿಲ್ಲದ ಮಗು ಎರಡು ತಾಸು ಪಾಳಿಯಲ್ಲಿ ನಿಂತಿದ್ದರೂ ಕೊನೆಯ ಗೇಟಿನ ಅಳತೆ ಕೋಲಿನ ಬಳಿ ಹಿಂದಿರುಗಬೇಕಾಗುತ್ತದೆ. ಆದ್ದರಿಂದ ಮಗುವನ್ನು ಮನೆಯ ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಲ್ಲಿಸಿ, ಪೆನ್ಸಿಲ್ ಗೆರೆ ಎಳೆದು ನೋಡಬೇಕು. ಆ ವಯಸ್ಸಿನ ಮಕ್ಕಳು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುವುದರಿಂದ ಡಿಸೆಂಬರಿನಲ್ಲಿ 139 ತೋರಿಸಿದ ಗೆರೆ ಏಪ್ರಿಲ್ ಹೊತ್ತಿಗೆ 140 ದಾಟಿರುತ್ತದೆ. ದೊಡ್ಡ ಝೂಲಾದ ಗೇಟು ತೆರೆಯುತ್ತದೆ, ಟಿಕೆಟ್ ಮಾತ್ರ ದೊಡ್ಡವರದ್ದೇ ಕೊಳ್ಳಬೇಕಾಗುತ್ತದೆ.